ಅಗೆಯದೆ ಕಟ್ಟಿದ ದಾರಿ

ಗೇಟೂ ಮುಂಬಾಗಿಲೂ ಒಂದೇ ಗೆರೆಯಲ್ಲಿ ಇರಲಿಲ್ಲ. ಅಳತೆಗೆ ಹೋದ ಮೊದಲ ದಿನವೇ ಇದು ಗೊತ್ತಾಗಿ ನನಗೆ ಸಿಟ್ಟು ಬಂತು. ಇಚಲಕರಂಜಿಯ ಆ ಬಂಗಲೆ ಈಗಿನ ಯಜಮಾನರ ಅಜ್ಜ, ಹತ್ತಿಯ ವ್ಯಾಪಾರಿ, ಕಟ್ಟಿಸಿದ್ದು. ಕರಿಕಲ್ಲಿನ ಎತ್ತರದ ಕಟ್ಟೆ, ನಡುವೆ ಕಮಾನು, ಕಮಾನಿನ ಆಚೀಚೆ ಮೂರು ಮೂರು ಸಾಗುವಾನಿ ಕಂಬ, ಒಂದೇ ಅಳತೆಯ ಕಿಟಕಿಗಳು. ಎಡಭಾಗವನ್ನು ಮಡಚಿ ಬಲಭಾಗದ ಮೇಲಿಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದು. ಅಂಥ ಮನೆಯ ಎದುರಿಗೆ, ರಸ್ತೆ ಅಗಲ ಮಾಡಿದ ಕಾಲಕ್ಕೆ, ಯಾರೋ ಪುಣ್ಯಾತ್ಮರು ಹೊಸ ಗೇಟನ್ನು ಎರಡೂಕಾಲು ಅಡಿ ಪಕ್ಕಕ್ಕೆ ಕೂರಿಸಿ ಹೋಗಿದ್ದರು.

ಹಳೆಯ ಕಾಲದ ಮನೆಯ ಮುಂದಿನ ತೋಟಕ್ಕೆ ಒಂದು ಬೆನ್ನೆಲುಬು ಬೇಕು. ಬಾಗಿಲ ನಡುವಿನಿಂದ ಹೊರಟ ಗೆರೆ ನೇರ ಹೋಗಿ ಗೇಟಿನ ನಡುವಿಗೆ ಮುಟ್ಟಬೇಕು. ಆಮೇಲೆ ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ನನ್ನ ನರ್ಸರಿ ಗಡಹಿಂಗ್ಲಜದ ಹತ್ತಿರ. ಅಲ್ಲಿಯವರೆಗೆ ನಾನು ಮಾಡಿಕೊಟ್ಟವೆಲ್ಲ ಹೊಲದ ಮನೆಗಳ ತೋಟಗಳು. ಅಲ್ಲಿ ಅಂಕುಡೊಂಕು ಎಲ್ಲ ನಡೆಯುತ್ತದೆ, ತಪ್ಪಾದ ಕಡೆ ಒಂದು ಬಾಳೆ ನೆಟ್ಟು ಮುಚ್ಚಿಬಿಡಬಹುದು. ಇಲ್ಲಿ ಮುಚ್ಚಲು ಜಾಗವೇ ಇರಲಿಲ್ಲ.

ಜೊತೆಗೆ ಬಂದಿದ್ದ ಗೌಂಡಿ ಹಲವು ವರ್ಷಗಳಿಂದ ನನ್ನ ಕೆಲಸಗಳಲ್ಲಿ ಕಲ್ಲು ಹಾಸುತ್ತ ಬಂದವನು. ಅವನು ದಾರದ ಉಂಡೆ ಕೈಯಲ್ಲಿ ಹಿಡಿದು, "ಗೇಟಿನಿಂದ ಹಿಡದ ಬಿಡೂಣ್ರಿ ಅಕ್ಕಾರ. ಎರಡ ಅಡಿ ಯಾರ್ ನೋಡ್ತಾರ?" ಅಂದ.

"ಕಮಾನಿನ ಕೆಳಗ ನಿಂತವರು ನೋಡ್ತಾರ" ಅಂದೆ.

ಬಾಗಿಲಿನಿಂದಲೇ ಗೆರೆ ಹಿಡಿದೆವು. ಮೂರು ಅಡಿ, ನಾಲ್ಕು ಅಡಿ, ಐದು ಅಡಿಯ ಮುಕ್ಕೋನ ಮಾಡಿ ಕಟ್ಟೆಗೆ ಗುಣ್ಯಾ ಸರಿಯಾಗಿದೆಯೋ ಇಲ್ಲವೋ ನೋಡಿದೆವು. ಗೌಂಡಿಗಳ ಮಾತಿನಲ್ಲಿ ಗುಣ್ಯಾ ಅಂದರೆ ಲಂಬಕೋನ. ಗೂಟ ಹೊಡೆದು, ದಾರ ಬಿಗಿದು, ಸುಣ್ಣದ ಪುಡಿ ಚೆಲ್ಲಿದೆವು. ಗೆರೆ ಗೇಟಿನ ಎಡಗಂಬದ ಹತ್ತಿರ ಹೋಗಿ ನಿಂತಿತು. ಗೇಟಿನ ಒಳಗೆ ಒಂದು ಅರೆವೃತ್ತದ ಕಟ್ಟೆ ಹಾಕಿದರೆ ಬಂದವರು ಮೊದಲು ಆ ವೃತ್ತದಲ್ಲಿ ಕಾಲಿಡುತ್ತಾರೆ, ಅಲ್ಲಿಂದ ನೇರ ಮನೆ ಕಾಣುತ್ತದೆ, ಎರಡೂಕಾಲು ಅಡಿ ಆ ದುಂಡಿನಲ್ಲಿ ಕರಗಿಹೋಗುತ್ತದೆ. ಈ ಉಪಾಯ ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಹೊಳೆದ ಮೇಲೆ ಒಂದು ವಾರ ಜಂಬ ಇಳಿಯಲಿಲ್ಲ.

ಯಜಮಾನರು ಐವತ್ತು ದಾಟಿದವರು. ಊರಾಚೆ ಕೊರೋಚಿ ಕಡೆ ಅವರ ಪವರ್‌ಲೂಮ್ ಶೆಡ್ಡುಗಳು. ಮೊಬೈಲಿನಲ್ಲಿ ಹತ್ತಾರು ಚಿತ್ರ ಇಟ್ಟುಕೊಂಡಿದ್ದರು. "ಅಕ್ಕಾರ, ನಮ್ಮ ಅಜ್ಜನ ಮನಿಗೆ ಒಪ್ಪೂ ಹಂಗ ಆಗಬೇಕ್ರಿ. ಎಡಕ್ಕೊಂದು ಬಲಕ್ಕೊಂದು, ಎಲ್ಲಾ ಜೋಡಿ ಜೋಡಿ. ನಡುವ ಫರಸಿ, ಫರಸಿ ಸಂದ್ಯಾಗ ಹಸರ ಹುಲ್ಲು, ಹಿಂಗ" ಎಂದು ಒಂದು ಚಿತ್ರ ದೊಡ್ಡದು ಮಾಡಿ ತೋರಿಸಿದರು. "ಮತ್ತ ಮಿರಗದ ಮಳಿ ಬರೂದ್ರಾಗ ಮುಗೀಬೇಕು. ಚಾತುರ್ಮಾಸದಾಗ ಆಯಿ ಮಣ್ಣ ಅಗಿಯಾಕ ಬಿಡೂದಿಲ್ಲ."

ಆಯಿ ಅಂದರೆ ಅವರ ತಾಯಿ. ಎಂಬತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಮೊಣಕಾಲು ಮಾತ್ರ ಮಾತು ಕೇಳುತ್ತಿರಲಿಲ್ಲ, ಕೈಯಲ್ಲಿ ಕೋಲು. ಅವರು ಜೈನರು, ನಾವಲ್ಲ. ಆದರೆ ನಾನು ಬೆಳೆದದ್ದು ಜೈನರ ಮನೆಗಳ ನಡುವೆಯೇ. ಉಳ್ಳಾಗಡ್ಡಿ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಮಳೆಗಾಲದಲ್ಲಿ ಹುಳಹುಪ್ಪಟೆ ಸಾಯುತ್ತವೆಂದು ನೆಲ ಅಗೆಸುವುದಿಲ್ಲ ಅನ್ನುವಷ್ಟು ಗೊತ್ತಿತ್ತು. ಅಷ್ಟಕ್ಕೇ ಎಲ್ಲ ಗೊತ್ತು ಅಂದುಕೊಂಡಿದ್ದೆ.

ಆಯಿ ಆ ದಿನ ಕಮಾನಿನ ಕೆಳಗೆ ನಿಂತು ನಮ್ಮ ದಾರ, ಗೂಟ ಎಲ್ಲ ನೋಡಿ ನನ್ನನ್ನು ಒಂದೇ ಮಾತು ಕೇಳಿದರು. "ನಡಿಯಾಕ ದಾರಿ ಇರ್ತೈತಲ್ಲ ತಂಗಿ?"

"ಇರ್ತೈತ್ರಿ ಆಯಿ. ಭಾಳ ಚಂದ ದಾರಿ ಇರ್ತೈತಿ" ಅಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಎಂಥ ದಾರಿ ಬೇಕು ಅಂತ ನಾನು ತಿರುಗಿ ಕೇಳಲಿಲ್ಲ.

ಕೆಲಸ ಶುರುವಾಯಿತು. ಅಲ್ಲಿಯದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನೇರ ಕಲ್ಲು ಹಾಸಿದರೆ ಎರಡು ವರ್ಷದಲ್ಲಿ ಹಪ್ಪಳದ ಹಾಗೆ ಎದ್ದು ನಿಲ್ಲುತ್ತವೆ. ಹಾಗಾಗಿ ದಾರಿಯ ಉದ್ದಕ್ಕೂ ಒಂದಡಿ ಎರೆ ತೆಗೆದು ಮುರುಮು ತುಂಬಬೇಕು. ಮುರುಮು ಅಂದರೆ ಗುಡ್ಡದ ಕೆಂಪು ಗರಸುಮಣ್ಣು. ನೀರು ಹಿಡಿಯುವುದಿಲ್ಲ, ಬಡಿದಷ್ಟೂ ಗಟ್ಟಿ.

ಅಗೆಯುವಾಗ ಎರಡನೆಯ ದಿನ ಗುದ್ದಲಿ ಠಣ್ ಅಂದಿತು. ಗೌಂಡಿ ಕೂತು ಕೈಯಿಂದ ಮಣ್ಣು ಸರಿಸಿದ. ಇಟ್ಟಿಗೆಗಳನ್ನು ಓರೆಯಾಗಿ, ಗರಗಸದ ಹಲ್ಲಿನ ಹಾಗೆ ನಿಲ್ಲಿಸಿ ಮಾಡಿದ ಅಂಚು. ನಮ್ಮ ದಾರದಿಂದ ಸರಿಯಾಗಿ ಮೂರಡಿ ಆಚೆ. ಇನ್ನೊಂದು ಬದಿಗೂ ಮೂರಡಿಗೆ ಅದೇ ಅಂಚು ಸಿಕ್ಕಿತು. ನಡುವೆ ಕಲ್ಲಿಲ್ಲ, ಏನಿಲ್ಲ, ಬರೀ ಮುರುಮು, ಕಬ್ಬಿಣದ ಹಾಗೆ ಗಟ್ಟಿ. ಅಜ್ಜನ ಕಾಲದ ದಾರಿ ಆರಡಿ ಅಗಲ, ಒಂದೇ ಒಂದು ಹಸಿರು ಎಸಳಿಗೂ ಜಾಗವಿಲ್ಲದ್ದು.

"ಇದರ ಮ್ಯಾಲನ ಮಾಡೂಣೇನ್ರಿ?" ಗೌಂಡಿ ಕೇಳಿದ.

ನಾನು ಸ್ವಲ್ಪ ಹೊತ್ತು ಯೋಚಿಸಿದ್ದು ನಿಜ. ಆದರೆ ಟಾಂಗಾ ಒಳಗೆ ಬರಲಿ ಅಂತ ಅಗಲ ಮಾಡಿರಬೇಕು, ಈಗ ಟಾಂಗಾ ಎಲ್ಲಿದೆ ಎಂದುಕೊಂಡೆ. ಆರಡಿಯ ಬೋಳು ದಾರಿ ಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲ. ನಾಲ್ಕಡಿ ಸಾಕು ಅಂದೆ. ಹಳೆಯ ಇಟ್ಟಿಗೆಗಳನ್ನು ಕಿತ್ತು ಹಿತ್ತಲಲ್ಲಿ ಒಟ್ಟಿಸಿದೆ. ಮನೆ ಕಟ್ಟಿಸಿದವರು ಬಾಗಿಲು, ಕಿಟಕಿ, ಕಂಬ ಎಲ್ಲವನ್ನೂ ಯೋಚಿಸಿ ಮಾಡಿದ್ದಾರೆ, ದಾರಿಯೊಂದನ್ನು ಯೋಚಿಸದೆ ಮಾಡಿರುತ್ತಾರೆಯೇ ಅನ್ನುವಷ್ಟು ಬುದ್ಧಿ ಆಗ ನನಗೆ ಬರಲಿಲ್ಲ.

ನಾಲ್ಕಡಿಯ ದಾರಿಗೆ ಕರಿ ಫರಸಿಯ ಚಪ್ಪಡಿ, ಫರಸಿಗಳ ನಡುವೆ ಎರಡೆರಡು ಅಂಗುಲ ಸಂದಿ, ಸಂದಿಯಲ್ಲಿ ಹುಲ್ಲು. ದಾರಿಯ ಎರಡೂ ಬದಿಗೆ ಎರಡೆರಡು ಚೌಕ ಮಡಿ. ಮಡಿಗಳ ಸುತ್ತ ಕಾಮಿನಿಯ ಬೇಲಿ, ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂಬತ್ತು ಅಂಗುಲ, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಸಂದಿಗೆ ಬರುವ ಹಾಗೆ. ಮಡಿಯೊಳಗೆ ಹುಲ್ಲುಹಾಸು, ಮೂಲೆಗೊಂದು ನಂದಿಬಟ್ಟಲು, ನಡುವೆ ಗುಲಾಬಿ. ಮೆಟ್ಟಿಲ ಮುಂದೆ ಹುಲ್ಲಿನ ಒಂದು ವೃತ್ತ, ವೃತ್ತದ ನಡುವೆ ಕಲ್ಲಿನ ಹೂಕುಂಡ. ಏಪ್ರಿಲ್ ತಿಂಗಳ ಬಿಸಿಗಾಳಿಗೆ ಕಾಮಿನಿಯ ಮೊದಲ ಸರತಿ ಅರ್ಧಕ್ಕರ್ಧ ಒಣಗಿತು. ಗಡಹಿಂಗ್ಲಜದಿಂದ ಮತ್ತೆ ಟೆಂಪೊ ತುಂಬಿ ತಂದೆ, ಗೋಣಿಚೀಲದ ನೆರಳು ಕಟ್ಟಿಸಿದೆ, ದಿನಕ್ಕೆ ಎರಡು ಸಲ ಕೈಯಾರೆ ನೀರು ಹಾಕಿಸಿದೆ. ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಿದ್ದ ಮಧ್ಯಾಹ್ನವೇ ಕೊನೆಯ ಹುಲ್ಲಿನ ಚಾಪೆ ಹಾಸಿ ಮುಗಿಸಿದೆವು. ಹದಿನೈದು ದಿನಕ್ಕೆ ತೋಟ ಹಸಿರಿಗೆ ತಿರುಗಿತು. ಯಜಮಾನರು ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದರು. ನಾನೂ ಫೋಟೊ ತೆಗೆದು ನನಗೆ ಗೊತ್ತಿದ್ದವರಿಗೆಲ್ಲ ಕಳಿಸಿದೆ.

ಚಾತುರ್ಮಾಸ ಶುರುವಾಗಿ ಕೆಲವು ದಿನಗಳಾದ ಮೇಲೆ ಆ ಮನೆಯ ಸೊಸೆಯ, ಯಜಮಾನರ ಹೆಂಡತಿಯ, ಫೋನು ಬಂತು. ಅತ್ತಿಗೆ ಅನ್ನುವ ಹಾಗೆ ನಾನು ಅವರನ್ನು ವೈನಿ ಅನ್ನುತ್ತಿದ್ದೆ.

"ಅಕ್ಕಾರ, ಹುಲ್ಲ ಸ್ವಲ್ಪ ಕಡಿಮಿ ಮಾಡಾಕ ಬರ್ತೈತೇನ್ರಿ?" ಅಂದರು.

"ಕತ್ತರಸ್ತೀನಲ್ರಿ. ಎಷ್ಟ ಬೆಳದೈತಿ?"

"ಬೆಳದಿದ್ದಕ್ಕ ಅಲ್ರಿ. ಮಹಾರಾಜರು ನಿನ್ನೆ ಗೇಟತನಕ ಬಂದು ತಿರುಗಿ ಹೋದ್ರು."

ಆ ವರ್ಷ ಅವರ ಓಣಿಯ ಬಸದಿಯಲ್ಲಿ ಒಬ್ಬ ದಿಗಂಬರ ಮುನಿಗಳು, ಮನೆಯವರು ಮಹಾರಾಜರು ಅನ್ನುವವರು, ಚಾತುರ್ಮಾಸಕ್ಕೆ ನಿಂತಿದ್ದರು. ಮುನಿಗಳು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುತ್ತಾರೆ. ಮುಂಜಾನೆ ಓಣಿಯಲ್ಲಿ ನಡೆದು ಬರುತ್ತಾರೆ. ಶ್ರಾವಕರು, ಅಂದರೆ ಜೈನ ಗೃಹಸ್ಥರು, ಮಡಿಯುಟ್ಟು, ಕಳಶ ಹಿಡಿದು, ಮನೆಯ ಮುಂದೆ ನಿಂತು ಕರೆಯುತ್ತಾರೆ. ಯಾರ ಮನೆಗೆ ಬರುತ್ತಾರೆ ಅನ್ನುವುದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಬಂದರೆ ಮನೆಯವರು ಅವರಿಗೆ ಮೂರು ಸುತ್ತು ಪ್ರದಕ್ಷಿಣೆ ಬಂದು ಒಳಗೆ ಕರೆದುಕೊಂಡು ಹೋಗುತ್ತಾರೆ. ತಮ್ಮ ಮನೆಯ ಮುಂಬಾಗಿಲಿನಿಂದ ಒಮ್ಮೆ ಮುನಿಗಳನ್ನು ಕರೆದು ತಮ್ಮ ಕೈಯಾರೆ ಆಹಾರ ಕೊಡಬೇಕು ಅನ್ನುವುದು ಆಯಿಯ ಆಸೆ. ಗಂಡ ತೀರಿದ ಮೇಲೆ ಅದು ಕೂಡಿಬಂದಿರಲಿಲ್ಲ. ಇನ್ನೊಂದು ವರ್ಷ ತಮ್ಮ ಕಾಲು ನಿಲ್ಲುತ್ತವೆ ಅನ್ನುವ ಭರವಸೆ ಅವರಿಗೆ ಇರಲಿಲ್ಲ. ಇದನ್ನೆಲ್ಲ ವೈನಿ ಫೋನಿನಲ್ಲಿ ಮೆಲ್ಲಗೆ ಹೇಳಿದರು. ಮತ್ತೆ ಇನ್ನೊಂದು ಮಾತು ಹೇಳಿದರು: ಮುನಿಗಳು ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯುತ್ತಾರೆ, ಹಸಿರು ಹುಲ್ಲಿನ ಮೇಲೆ ಕಾಲಿಡುವುದಿಲ್ಲ, ಅದರಲ್ಲಿ ಜೀವವಿದೆ.

ಗೇಟಿನಿಂದ ಬಾಗಿಲ ತನಕ ನಾನು ಫರಸಿ ಫರಸಿಯ ಸಂದಿಗೂ ಹುಲ್ಲು ನೆಟ್ಟಿದ್ದೆ. ಮೆಟ್ಟಿಲ ಮುಂದಂತೂ ಪೂರಾ ಹುಲ್ಲೇ.

ಮರುದಿನವೇ ಗೌಂಡಿಯನ್ನು ಕರೆದುಕೊಂಡು ಹೋದೆ. ಯಜಮಾನರು ಎದುರಿಗೇ ಸಿಕ್ಕರು. "ಒಂದ ಔಷಧ ಹೊಡದ ಬಿಡ್ರಿ ಅಕ್ಕಾರ, ಸಂದ್ಯಾಗಿಂದಷ್ಟ ಒಣಗ್ತೈತಿ. ಉಳದ ತ್ವಾಟಕ್ಕ ಕೈ ಹಚ್ಚಬ್ಯಾಡ್ರಿ. ಎಲ್ಲಾರೂ ಭಾಳ ಹೊಗಳ್ಯಾರ." ಗೌಂಡಿ, ಎರಡು ದಿನದಲ್ಲಿ ಅಗೆದು ಹಾಕುತ್ತೇನೆ ಅಂದ. ಒಳಗೆ ಆಯಿ ಮಣೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಎದುರಿಗೆ ಕೂತು ಇಬ್ಬರ ಮಾತನ್ನೂ ಹೇಳಿದೆ.

"ಔಷಧ ಹೊಡದ್ರ ಹುಲ್ಲಷ್ಟ ಸಾಯ್ತೈತೇನ?" ಅಂದರು. "ಅಗದ್ರ ಎರಿಹುಳ ಎಷ್ಟ ತುಂಡಾಗ್ತಾವ, ಎಣಿಸ್ತೀಯೇನ ನೀ? ನಾ ಪುಣ್ಯಾ ಕಟ್ಟಿಕೊಳ್ಳಾಕ ಅವೆಲ್ಲಾ ಸಾಯಬೇಕೇನ?"

"ಹಂಗಾರ ಏನ್ ಮಾಡೂದ್ರಿ ಆಯಿ?"

"ಏನೂ ಮಾಡಬ್ಯಾಡ. ಮಹಾರಾಜರ ಸಲುವಾಗಿ ಅಂತ ಮಾಡಿದ್ದು ಅವರಿಗೆ ನಡಿಯೂದಿಲ್ಲ. ಅಡಿಗಿನೂ ಹಂಗ. ಮನ್ಯಾಗ ನಮಗಂತ ಮಾಡಿದ್ದರಾಗ ಒಂದ ತುತ್ತು ಅವರಿಗೆ ಕೊಡೂದು. ಅವರಿಗಂತ ದಾರಿ ಕಡದ್ರ ಅದು ಅವರ ಮ್ಯಾಲ ದೋಷ ಹೊರಿಸಿದಂಗ."

ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ವೈನಿ ಚಹಾ ತಂದುಕೊಟ್ಟರು. ಆಗ ಯಾಕೋ ನನ್ನ ಗಮನಕ್ಕೆ ಬಂತು: ನಾನು ಬಂದಾಗಲೆಲ್ಲ, ಹುಲ್ಲು ಹಾಸಿದ ಮೇಲೆ, ಆಯಿಯನ್ನು ಹೊರಗೆ ಕಂಡೇ ಇಲ್ಲ.

"ಆಯಿ ಬಸದಿಗೆ ಹ್ಯಾಂಗ ಹೋಗ್ತಾರ್ರಿ?" ಕೇಳಿದೆ.

"ಹಿಂದಿನ ಬಾಗಲಿಗೆ ರಿಕ್ಷಾ ಕರಸ್ತೀವ್ರಿ."

"ಯಾಕ?"

ವೈನಿ ನನ್ನ ಮುಖ ನೋಡಿದರು. "ಅವರಿಗೂ ನೇಮ ಐತ್ರಿ. ಹುಲ್ಲ ತುಳಿಯೂದಿಲ್ಲ. ಹುಲ್ಲ ಹಾಸಿದಾಗಿಂದ ಅವರು ಮುಂದಿನ ಬಾಗಲಾ ದಾಟಿಲ್ಲ."

ಯಜಮಾನರು ನಮ್ಮ ಹಿಂದೆಯೇ ಇದ್ದರು. "ಖರೇನ?" ಅಂದರು. ಅವರಿಗೂ ಗೊತ್ತಿರಲಿಲ್ಲ. "ನನಗ ಹೇಳಬಾರದ?"

"ಹೇಳಬ್ಯಾಡ ಅಂದ್ರು. ಮಗಾ ಖುಷೀಲೆ ಮಾಡಿಸ್ಯಾನ, ನನ್ನ ನೇಮ ನನಗ, ಅವನ ಕೊಳ್ಳಾಗ ಯಾಕ ಕಟ್ಟಲಿ ಅಂದ್ರು."

ಯಜಮಾನರ ಮುಖ ಸಪ್ಪಗಾಯಿತು. ನನಗೆ ನಾಚಿಕೆಯಾಯಿತು, ಬರೀ ನಾಚಿಕೆಯಲ್ಲ, ನನ್ನ ಮೇಲೇ ಕೆಟ್ಟ ಸಿಟ್ಟು. ಆ ಮುದುಕಿ ನನ್ನನ್ನು ಕೇಳಿದ್ದು ಒಂದೇ ಒಂದು ಮಾತು. ಅದಕ್ಕೆ ಹೂಂ ಅಂದು ನಾನು ಅವರದೇ ಮನೆಯ ಬಾಗಿಲನ್ನು ಅವರಿಗೆ ಮುಚ್ಚಿದ್ದೆ.

ಅವತ್ತು ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜ ಮುಟ್ಟುವ ತನಕ ಟೆಂಪೊದಲ್ಲಿ ಒಂದೇ ಯೋಚನೆ. ಅಗೆಯಬಾರದು, ಔಷಧ ಕೂಡದು, ಹುಲ್ಲು ಸಾಯಬಾರದು, ಮುನಿಗಳಿಗಾಗಿ ಮಾಡಬಾರದು. ಕೊನೆಯದಕ್ಕೆ ಉತ್ತರ ಸಿಕ್ಕಿತ್ತು. ಮುನಿಗಳು ಬರಲಿ ಬಿಡಲಿ, ಮನೆಯವರು ನಡೆಯಲಾಗದ ದಾರಿ ಅಂದರೆ ಅದು ಕೆಲಸದ ತಪ್ಪು. ನನ್ನ ತಪ್ಪನ್ನು ನಾನು ತಿದ್ದುವುದಕ್ಕೆ ಯಾರ ಮೇಲೂ ದೋಷ ಬರುವುದಿಲ್ಲ. ಉಳಿದದ್ದು ಅಗೆಯುವ ಮಾತು. ಸಂಕೇಶ್ವರದ ಹತ್ತಿರ ರಸ್ತೆ ಕೆಲಸದವರು ಹಳೆಯ ಡಾಂಬರು ಕೀಳದೆ ಅದರ ಮೇಲೇ ಖಡಿ ಸುರಿದು ಎತ್ತರಿಸುತ್ತಿದ್ದರು. ಕೆಳಗೆ ಹೋಗುವುದೇ ಬೇಡ, ಮೇಲಕ್ಕೆ ಹೋಗೋಣ ಅಂದುಕೊಂಡೆ. ಹುಲ್ಲು ಹಾಸಿ ಇನ್ನೂ ಬಹಳ ದಿನ ಆಗಿಲ್ಲ. ದಾರಿಯ ಕೆಳಗಿರುವುದು ಮುರುಮು. ಬೇರು ಎರಡು ಅಂಗುಲಕ್ಕಿಂತ ಕೆಳಗೆ ಹೋಗಿರಲಾರದು. ಹಾಸಿದ ಹಾಗೆಯೇ ಚಾಪೆಯ ಹಾಗೆ ಎತ್ತಬಹುದು.

ಮಾರನೆಯ ವಾರ ಆಯಿಯ ಎದುರಿಗೆ ಮತ್ತೆ ಕೂತೆ. ಅಗೆಯದೆ ಮೇಲೆ ಕಟ್ಟುವ ಉಪಾಯ ಹೇಳಿದೆ.

"ಖರೇ ಹೇಳು" ಅಂದರು. "ಮಹಾರಾಜರ ಸಲುವಾಗಿ ಅಲ್ಲ?"

"ಅಲ್ರಿ. ನಿಮ್ಮ ಸಲುವಾಗಿ. ನೀವು ದಾರಿ ಇರ್ತೈತೇನು ಅಂತ ಕೇಳಿದ್ರಿ, ನಾ ಇರ್ತೈತಿ ಅಂದೆ. ಇಲ್ಲ ಈಗ. ನನ್ನ ಕೆಲಸ ಇನ್ನೂ ಮುಗದಿಲ್ರಿ."

ಅವರು ಕರಾರು ಹಾಕಿದರು. ಗುದ್ದಲಿ, ಸಲಿಕೆ ಮುಟ್ಟುವ ಹಾಗಿಲ್ಲ. ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಶುರು, ಬೆಳಕಿರುವಾಗಲೇ ಮುಗಿಸಬೇಕು. ಮಳೆಯಲ್ಲಿ ಬೇಡ. ಅಷ್ಟಮಿ, ಚತುರ್ದಶಿಗೆ ಹಸಿರು ಮುಟ್ಟುವ ಹಾಗಿಲ್ಲ. ಹುಳ ಕಂಡರೆ ಕೈ ನಿಲ್ಲಬೇಕು. ನಾನು ಎಲ್ಲಕ್ಕೂ ಹೂಂ ಅಂದೆ. ಈ ಸಲ ಒಂದೊಂದನ್ನೂ ಎರಡೆರಡು ಸಲ ಕೇಳಿಕೊಂಡೆ.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಿತು. ನರ್ಸರಿಯಿಂದ ಇಬ್ಬರು ಹೆಣ್ಣಾಳುಗಳನ್ನು ಕರೆತಂದೆ. ಸಸಿ ಕೀಳುವುದರಲ್ಲಿ ಅವರ ಕೈ ನನಗಿಂತ ಹಗುರ. ಅಗಲ ಬಾಯಿಯ ಕುರ್ಪಿಯನ್ನು ಹುಲ್ಲಿನ ಕೆಳಗೆ ಅಡ್ಡವಾಗಿ, ನೆಲಕ್ಕೆ ಸಮನಾಗಿ ಜಾರಿಸುವುದು. ಎರಡು ಬೆರಳು ಮಣ್ಣಿನ ಸಮೇತ ಚಾಪೆ ಎತ್ತುವುದು. ಹುಳವಿದ್ದರೆ ಅದೇ ಮಣ್ಣಿನಲ್ಲಿ ಅದೂ ಹೊರಡಲಿ. ಎತ್ತಿದ ಚಾಪೆಯನ್ನು ಬುಟ್ಟಿಯಲ್ಲಿಟ್ಟು ಟೆಂಪೊಗೆ, ಟೆಂಪೊದಿಂದ ನನ್ನ ನರ್ಸರಿಗೆ. ಅಲ್ಲಿ ಅವತ್ತೇ ಹಾಸಿ ನೀರು. ಮೊದಲ ದಿನ ಎಂಟು ಅಡಿ ದಾರಿ ಮಾತ್ರ ಮುಗಿಯಿತು. ಗೌಂಡಿ ತಲೆಯ ಮೇಲೆ ಕೈ ಹೊತ್ತು ಕೂತ. "ಅಕ್ಕಾರ, ಇದು ಗ್ವಾಡಿ ಸಣ್ಣ ಚಮಚಾಲೆ ಕಟ್ಟಿದಂಗಾತ್ರಿ" ಅಂದ. ಆಯಿ ಕಿಟಕಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಒಮ್ಮೆ ಮಾತ್ರ ಕೂಗಿದರು, "ಏ, ಅಲ್ಲೊಂದು ಹುಳ ಹೊಂಟೈತಿ ನೋಡು." ನಾಲ್ಕು ಜನರೂ ಕೈ ಎತ್ತಿ ಕೂತೆವು. ಹುಳ ತನಗೆ ಅನುಕೂಲವಾದಷ್ಟು ಹೊತ್ತು ತೆಗೆದುಕೊಂಡು ಮಡಿಯೊಳಗೆ ಹೋಯಿತು.

ಫರಸಿಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟೆವು. ಹಿತ್ತಲಿನಿಂದ ಅಜ್ಜನ ಕಾಲದ ಇಟ್ಟಿಗೆಗಳು ವಾಪಸು ಬಂದವು. ದಾರದಿಂದ ಆಚೀಚೆ ಮೂರು ಮೂರು ಅಡಿಗೆ, ನೆಲ ಅಗೆಯದೆ, ಸುಣ್ಣದ ಗಾರೆಯ ಮೇಲೆ ಅವನ್ನು ಓರೆಯಾಗಿ ನಿಲ್ಲಿಸಿದೆವು. ನಡುವೆ ನಾಲ್ಕು ಅಂಗುಲ ಒಣ ಮುರುಮು; ಒಂದೊಂದು ಅಂಗುಲ ಹರಡಿ, ನೀರು ಚಿಮುಕಿಸಿ, ಧಮ್ಮಸದಿಂದ ಬಡಿದು, ಮತ್ತೆ ಒಂದು ಅಂಗುಲ. ನಡುವೆ ಸ್ವಲ್ಪ ಉಬ್ಬು, ಬದಿಗೆ ಇಳಿಜಾರು, ನೀರು ನಿಲ್ಲಬಾರದು. ಕಾಮಿನಿಯ ದಾರಿ ಕಡೆಯ ಸಾಲನ್ನು ಕುರ್ಪಿಯಿಂದಲೇ, ಹುಳ ನೋಡಿಕೊಂಡು, ಮಣ್ಣಿನ ಹೆಂಟೆ ಒಡೆಯದ ಹಾಗೆ ಒಂದಡಿ ಹಿಂದೆ ಸರಿಸುವುದಕ್ಕೇ ಎರಡು ದಿನ ಹೋಯಿತು. ನಡುವೆ ಒಂದು ಅಷ್ಟಮಿ ಬಂತು; ಅವತ್ತು ಬರೀ ಇಟ್ಟಿಗೆ ಕೆಲಸ.

ಆರನೆಯ ದಿನ ಮಳೆ ಬಂತು, ಅದೂ ಹೇಳದೆ ಕೇಳದೆ. ಬಡಿಯದೆ ಹರಡಿದ್ದ ಮುರುಮು ಕೆಂಪು ನೀರಾಗಿ ಗೇಟಿನ ಕಡೆ ಹರಿಯತೊಡಗಿತು. ಯಜಮಾನರು ಶೆಡ್ಡಿಗೆ ಫೋನು ಮಾಡಿ ನೂಲಿನ ಗಂಟುಗಳಿಗೆ ಹೊದಿಸುವ ತಾಡಪತ್ರಿ ತರಿಸಿದರು. ಲುಂಗಿ ಎತ್ತಿಕಟ್ಟಿ ತಾವೇ ಒಂದು ಮೂಲೆ ಹಿಡಿದರು. ಆವತ್ತು ಮೂರಡಿ ಕೆಲಸ ಹಾಳಾಯಿತು, ಉಳಿದದ್ದು ಉಳಿಯಿತು. ಮೈಯೆಲ್ಲ ತೊಯ್ದುಕೊಂಡು ನಿಂತಿದ್ದ ಅವರು ನನ್ನ ಕಡೆ ತಿರುಗಿ, "ಮೊದಲ ಆಯಿನ್ನ ಕೇಳಬೇಕಿತ್ರಿ ನಾ" ಅಂದರು. ನಾನೂ ಕೇಳಬೇಕಿತ್ತು ಅಂದೆ.

ಮೆಟ್ಟಿಲ ಮುಂದಿನ ಹುಲ್ಲಿನ ವೃತ್ತವನ್ನೂ ಮುರುಮಿನ ಅಂಗಳ ಮಾಡಿದೆ, ಹದಿನಾಲ್ಕು ಅಡಿ ಅಗಲ, ಪೂರಾ ಖಾಲಿ. ಕಲ್ಲಿನ ಕುಂಡ ಅಲ್ಲಿಂದ ಹೋಯಿತು. ಕೋಲು ಹಿಡಿದವರಿಗೆ ಅದನ್ನು ಬಳಸಿ ನಡೆಯುವುದು ಕಷ್ಟ. ಸುಳ್ಳು ಯಾಕೆ ಹೇಳಲಿ, ಮೂರು ಜನ ಸುತ್ತು ಬರಲು ಎಷ್ಟು ಜಾಗ ಬೇಕು ಅನ್ನುವುದನ್ನೂ ನಾನು ಮನಸ್ಸಿನಲ್ಲೇ ಅಳೆದಿದ್ದೆ. ಅದನ್ನು ಆಯಿಗೆ ಹೇಳಲಿಲ್ಲ. ಅವರಿಗೆ ಗೊತ್ತಾಗದೆಯೂ ಇರಲಿಲ್ಲ. ದಾರಿ ನಾಲ್ಕು ಅಂಗುಲ ಏರಿದ್ದರಿಂದ ಮೊದಲ ಮೆಟ್ಟಿಲು ಒಂಬತ್ತು ಅಂಗುಲದಿಂದ ಐದಕ್ಕೆ ಇಳಿದಿತ್ತು. ನಾನು ಎಣಿಸದೆ ಬಂದ ಲಾಭ ಅದೊಂದೇ.

ಮುಗಿದ ದಿನ ಎಲ್ಲರೂ ಬದಿಗೆ ನಿಂತೆವು. ಕೆಂಪು ದಾರಿ, ಎರಡೂ ಕಡೆ ಹಲ್ಲಿನಂಚು, ಆಚೆ ಕಡುಹಸಿರು ಕಾಮಿನಿ, ಅದರೊಳಗೆ ಯಾರೂ ತುಳಿಯದ ಹುಲ್ಲುಹಾಸು. ಮೊದಲು ನಾನು ಮಾಡಿದ್ದಕ್ಕಿಂತ ಈ ತೋಟ ಆ ಮನೆಗೆ ನೂರು ಪಾಲು ಒಪ್ಪುತ್ತಿತ್ತು. ಆಯಿ ಬಾಗಿಲಿಗೆ ಬಂದರು. ನೆಲ ನೋಡಿದರು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಇಳಿದು ಅಂಗಳದಲ್ಲಿ ನಿಂತರು. "ಹಿಂಗ ಇತ್ತು" ಅಂದರು. ಅಷ್ಟೇ.

ಮರುದಿನದಿಂದ ಅವರು ಮಡಿಯುಟ್ಟು ಕಳಶ ಹಿಡಿದು ಅಲ್ಲಿ ನಿಲ್ಲತೊಡಗಿದರು. ಮುನಿಗಳು ಓಣಿಯಲ್ಲಿ ಬರುತ್ತಿದ್ದರು, ಬೇರೆ ಮನೆಗೆ ಹೋಗುತ್ತಿದ್ದರು. ಇಂಥದ್ದು ಕಂಡರೆ ಮಾತ್ರ ಇವತ್ತು ಆಹಾರ ಅಂತ ಮುನಿಗಳು ಮನಸ್ಸಿನಲ್ಲೇ ಒಂದು ನೇಮ ಇಟ್ಟುಕೊಂಡು ಹೊರಡುತ್ತಾರಂತೆ. ಅದು ಏನು ಅನ್ನುವುದನ್ನು ಯಾರೂ ಕೇಳುವ ಹಾಗಿಲ್ಲ. ಮೊದಲು ವೈನಿ ಫೋನು ಮಾಡುತ್ತಿದ್ದರು, ಆಮೇಲೆ ನಾನೇ ಮಾಡತೊಡಗಿದೆ. "ಇವತ್ತೂ ಇಲ್ರಿ." ಹತ್ತು ದಿನ, ಹನ್ನೆರಡು ದಿನ. ಆಯಿಗೆ ಬೇಸರವಾಯಿತೇ ಅಂತ ಕೇಳಿದರೆ, "ಇಲ್ರಿ, ನಾಳೆ ಅಡಿಗಿ ಏನ್ ಮಾಡೂದು ಅಂತ ಕೇಳಾಕತ್ತಾರ" ಅನ್ನುತ್ತಿದ್ದರು. ನನಗೇ ಬೇಸರವಾಗುತ್ತಿತ್ತು. ನರ್ಸರಿಯಲ್ಲಿ ಸುಮ್ಮಸುಮ್ಮನೆ ಆಳುಗಳ ಮೇಲೆ ಹರಿಹಾಯುತ್ತಿದ್ದೆ.

ಹದಿನೇಳನೆಯ ದಿನ ನಾನು ಬೇಲಿ ಕತ್ತರಿಸಲೆಂದು ಹೋಗಿದ್ದೆ. ಗೇಟಿನ ಹೊರಗೆ ಟೆಂಪೊ ನಿಲ್ಲಿಸುವಾಗಲೇ ಓಣಿಯ ತುದಿಯಲ್ಲಿ ಮುನಿಗಳು ಕಂಡರು. ಕತ್ತರಿಯನ್ನು ಸೀಟಿನ ಕೆಳಗೆ ತುರುಕಿ ಕಂಪೌಂಡಿನ ಗೋಡೆಗೆ ಅಂಟಿ ನಿಂತೆ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು, ಕಣ್ಣು ನೆಲದ ಮೇಲೆ. ಗೇಟಿನ ಎದುರಿಗೆ ಬಂದು ನಿಂತರು. ಒಳಗಿನಿಂದ ಯಜಮಾನರ ದನಿ, ಅದರೊಳಗೆ ಆಯಿಯ ಸಣ್ಣ ದನಿ: "ನಮೋಸ್ತು ಸ್ವಾಮಿ, ನಮೋಸ್ತು. ಅತ್ರ ಅತ್ರ, ತಿಷ್ಠ ತಿಷ್ಠ."

ಮುನಿಗಳು ದಾರಿಯನ್ನು ನೋಡಿದರು. ಮಳೆಯಲ್ಲಿ ಎಲ್ಲಾದರೂ ಒಂದು ಎಸಳು ಮೊಳೆತಿದ್ದರೆ? ಅವರು ಅರೆವೃತ್ತದಲ್ಲಿ ಕಾಲಿಟ್ಟರು. ಒಂದೊಂದೇ ಹೆಜ್ಜೆ ನಡೆದು ಅಂಗಳ ಮುಟ್ಟಿ ನಿಂತರು.

ಆಯಿ ಪ್ರದಕ್ಷಿಣೆ ಶುರು ಮಾಡಿದರು. ಒಂದು ಕೈ ಕಳಶಕ್ಕೆ, ಇನ್ನೊಂದು ಕೈ ಸೊಸೆಯ ತೋಳಿಗೆ. ಮೊದಲನೆಯ ಸುತ್ತು ಬಹಳ ನಿಧಾನ. ಎರಡನೆಯದರಲ್ಲಿ ಮೊಣಕಾಲು ಒಮ್ಮೆ ಮಡಚಿದಂತಾಗಿ ಮಗ ಮುಂದೆ ಬಂದರು. ಆಯಿ ತಲೆಯಾಡಿಸಿ ಬೇಡ ಅಂದರು. ಮೂರನೆಯ ಸುತ್ತಿಗೆ ಸೊಸೆಯ ತೋಳು ಬಿಟ್ಟು, ಕಳಶವನ್ನು ಎರಡೂ ಕೈಯಲ್ಲಿ ಹಿಡಿದು, ಒಬ್ಬರೇ ಸುತ್ತಿದರು. ನಾನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತೆ. ಅವತ್ತು ಬೇಲಿ ಕತ್ತರಿಸದೆ ಹಾಗೇ ಊರಿಗೆ ಬಂದೆ.

ದೀಪಾವಳಿ ಮುಗಿದು ಮುನಿಗಳು ವಿಹಾರ ಹೊರಟುಹೋದ ಮೇಲೆ ಒಂದು ಮುಂಜಾನೆ ಯಜಮಾನರನ್ನು ಕಾಣಲು ಹೋದೆ. ಅವರು ಕಮಾನಿನ ಕೆಳಗೆ ನಿಂತಿದ್ದರು. ಅವರ ಹುಲ್ಲು ನನ್ನ ನರ್ಸರಿಯಲ್ಲಿ ಚೆನ್ನಾಗಿ ಬದುಕಿದೆ, ಹಿತ್ತಲಲ್ಲಿ ಬೇಕಾದರೆ ತಂದು ಹಾಸಿಕೊಡುತ್ತೇನೆ ಅಂದೆ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಅಲ್ಲಿ ನೋಡ್ರಿ" ಅಂದರು ಮೆಲ್ಲಗೆ.

ಗೇಟಿನ ಹತ್ತಿರ ಆಯಿ ಕೋಲು ಊರಿ ನಿಂತು, ತಳ್ಳುಗಾಡಿಯವಳ ಹತ್ತಿರ ಹೀರೇಕಾಯಿ ಆರಿಸುತ್ತಿದ್ದರು. ಒಂದನ್ನು ಎತ್ತಿ ಮೂಸಿ, ಇದು ಬಲಿತದ್ದು ಅಂತ ವಾದ ಮಾಡುತ್ತಿದ್ದರು.

"ಯಾರ್ನೂ ಕರೀಲಿಲ್ರಿ. ಒಬ್ಬಾಕಿನ ಹೋಗ್ಯಾಳ" ಅಂದರು ಮಗ. ಅವರು ಹೊರಗೆ ಹೋಗಲು ಕೈಯಲ್ಲಿ ಚಪ್ಪಲಿ ಹಿಡಿದಿದ್ದವರು, ಅದನ್ನು ಕೆಳಗಿಡದೆ, ಆಯಿ ಹೀರೇಕಾಯಿ ಆರಿಸಿ ಮುಗಿಸುವ ತನಕ ಅಲ್ಲೇ ನಿಂತಿದ್ದರು.